ಬಿಸಿಲು ಬಾರದ ಮನೆಯಲ್ಲಿ ಕೊತ್ತಂಬರಿಗೆ ಯಾವ ಲೈಟು?
ಧಾರವಾಡದ ಬಾಡಿಗೆ ಮನೆಗೆ ಬಿಸಿಲೇ ಬರಲ್ಲ, ಕೊತ್ತಂಬರಿ, ಮೆಂತ್ಯ ಬೆಳೆಯಲು ಕರೆಂಟ್ ಕಡಿಮೆ ತಿನ್ನುವ ಲೈಟು ಯಾವುದು ಅಂತ ಕೇಳಿದ್ದೀರಿ. ನೇರಳೆ ಬಣ್ಣದ ಅಗ್ಗದ ಬಲ್ಬ್ ಬೇಡ ಸರ್. ನಾನು ತಂದು ಕೆಟ್ಟೆ. ಆ ಬೆಳಕಿನಲ್ಲಿ ಎಲೆ ಹಳದಿಯಾಗಿದ್ದೇ ಗೊತ್ತಾಗಲಿಲ್ಲ!

ಈಗ 20 ವ್ಯಾಟ್‌ನ ಬಿಳಿ ಎಲ್‌ಇಡಿ ಟ್ಯೂಬ್ ಎರಡು ಹಾಕಿದ್ದೇನೆ. ದಿನಕ್ಕೆ 12 ಗಂಟೆ ಉರಿದರೂ ತಿಂಗಳಿಗೆ 15 ಯೂನಿಟ್ ಒಳಗೇ. ಅದಕ್ಕಿಂತ ಜಾಸ್ತಿ ಹೊತ್ತು ಉರಿಸಿದರೆ ಕೊತ್ತಂಬರಿ ಬೇಗ ಹೂ ಬಿಡುತ್ತದೆ, ಸುಮ್ನೆ ಬಿಲ್ಲೂ ದಂಡ. ಡಬ್ಬದ ಮೇಲೆ ಲ್ಯೂಮೆನ್ (ಬಲ್ಬ್ ಎಷ್ಟು ಬೆಳಕು ಕೊಡುತ್ತದೆ ಅನ್ನುವ ಅಳತೆ) ನೋಡಿ, ಪ್ರತಿ ವ್ಯಾಟ್‌ಗೆ 100ಕ್ಕಿಂತ ಜಾಸ್ತಿ ಇರಲಿ.

ಗಿಡದಿಂದ ಒಂದು ಗೇಣು ಮೇಲೆ ಕಟ್ಟಿ. ಎತ್ತರವಾದರೆ ಸಸಿ ದಾರದ ಹಾಗೆ ಉದ್ದವಾಗಿ ಬಾಗಿ ಬೀಳುತ್ತದೆ. ಗಿಡದ ಹಿಂದೆ ಬಿಳಿ ಥರ್ಮೋಕೋಲ್ ನಿಲ್ಲಿಸಿ, ಬೆಳಕು ವಾಪಸ್ ಗಿಡಕ್ಕೇ ಬೀಳುತ್ತದೆ, ಪುಕ್ಕಟೆ ಬೆಳಕು.