ನಿಮ್ಮ ಲೇಖನ ನಾಲ್ಕನೇ ಪುಟದಲ್ಲಿ ಶುರುವಾಗುತ್ತದೆ

ನಮಸ್ಕಾರ. ಚಳ್ಳಕೆರೆಯಿಂದ ನೀವು ಕಳಿಸಿದ 'ವಿಭವಾಂತರ ಮತ್ತು ವಿದ್ಯುತ್ ಪ್ರವಾಹದಿಂದ ರೋಧ ಹಾಗೂ ಶಕ್ತಿಯ ಲೆಕ್ಕಾಚಾರ' ಲೇಖನವನ್ನು (ವಿಭವಾಂತರ ಅಂದರೆ ವೋಲ್ಟೇಜ್, ರೋಧ ಅಂದರೆ ಹರಿವಿಗೆ ತಂತಿ ಒಡ್ಡುವ ತಡೆ) ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಬಿಡಲೂ ಮನಸ್ಸಿಲ್ಲ, ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಮೊದಲ ಮೂರು ಪುಟ ತೆಗೆದುಬಿಡಿ. ವಿಜ್ಞಾನಿ ಓಮ್ ತನ್ನ ನಿಯಮವನ್ನು (ವೋಲ್ಟೇಜನ್ನು ರೋಧದಿಂದ ಭಾಗಿಸಿದರೆ ಹರಿಯುವ ಆಂಪಿಯರ್) 1827ರಲ್ಲಿ ಪ್ರಕಟಿಸಿದ ಎಂಬುದಕ್ಕೆ ಒಂದು ಸಾಲು ಸಾಕು. ನಾಲ್ಕನೇ ಪುಟದಲ್ಲಿ ನಿಮ್ಮ ಅವ್ವ ಬರುತ್ತಾರೆ. ಸಂಜೆ ಸುತ್ತಲಿನ ಪಂಪ್‌ಸೆಟ್‌ಗಳೆಲ್ಲ ಶುರುವಾಗುತ್ತವೆ, ಬಲ್ಬು ಮಂಕಾಗುತ್ತದೆ, ಬಕೆಟ್ಟಿಗೆ ಹಾಕಿದ ಕಾಯಿಲ್‌ನಿಂದ ನೀರು ಎಷ್ಟು ಹೊತ್ತಾದರೂ ಕಾಯುವುದಿಲ್ಲ. 'ಕರೆಂಟಿಗೆ ಜೀವನೇ ಇಲ್ಲ' ಅನ್ನುತ್ತಾರೆ ಅವರು. ಎಂಥ ಮಾತು! ನೀವು ಅದನ್ನು ಬರೆದು, ಎರಡೇ ಸಾಲಿಗೆ ಮತ್ತೆ ಸೂತ್ರಕ್ಕೆ ಓಡಿದ್ದೀರಿ. ಆ ಮಾತನ್ನೇ ಲೆಕ್ಕ ಹಾಕಿ ತೋರಿಸಬಹುದಿತ್ತು ಅಲ್ವಾ?

ನಾನು ಹಾಕಿ ನೋಡಿದೆ. ಕಾಯಿಲ್ ಮೇಲೆ 230 ವೋಲ್ಟ್, 1000 ವ್ಯಾಟ್ ಅಂತಿದೆ ಎಂದುಕೊಳ್ಳಿ. ವ್ಯಾಟನ್ನು ವೋಲ್ಟಿನಿಂದ ಭಾಗಿಸಿದರೆ 4.35 ಆಂಪಿಯರ್. 230ನ್ನು ಅದರಿಂದ ಭಾಗಿಸಿದರೆ ರೋಧ, ಸುಮಾರು 53 ಓಮ್. ಸಂಜೆಯೂ ಕಾಯಿಲ್ ಅದೇ, ರೋಧ ಹೆಚ್ಚುಕಡಿಮೆ ಅಷ್ಟೇ. ಪಂಪ್‌ಸೆಟ್‌ಗಳ ಎಳೆತಕ್ಕೆ ವೋಲ್ಟೇಜ್ 180ಕ್ಕೆ ಇಳಿದರೆ ಹರಿಯುವುದು 3.4 ಆಂಪಿಯರ್. ಎರಡನ್ನೂ ಗುಣಿಸಿ: 612 ವ್ಯಾಟ್. ವೋಲ್ಟೇಜೂ ಇಳಿಯಿತು, ಅದರ ಜೊತೆಗೆ ಆಂಪಿಯರೂ ಇಳಿಯಿತು, ಹೀಗಾಗಿ ಹೊಡೆತ ಎರಡು ಕಡೆಯಿಂದ. 20 ನಿಮಿಷಕ್ಕೆ ಕಾಯುತ್ತಿದ್ದ ಅರ್ಧ ಬಕೆಟ್ ನೀರಿಗೆ ಈಗ 33 ನಿಮಿಷ ಬೇಕು. ಅವ್ವನ ಮಾತಿಗೆ ಲೆಕ್ಕ ಸಿಕ್ಕಿತು.

ಪದಗಳ ವಿಷಯ. ನಮ್ಮ ಜನಕ್ಕೆ 'ಕರೆಂಟ್' ಅಂದರೆ ಮನೆಗೆ ಬರೋದು, ಹೋಗೋದು. 'ಕರೆಂಟ್ ಎಷ್ಟಿದೆ' ಎಂದು ಬರೆದರೆ ಓದುವವರು ವೋಲ್ಟೇಜ್ ಅಂದುಕೊಳ್ಳುತ್ತಾರೆ. ಹರಿಯುವ ಪ್ರಮಾಣ ಎಂದು ಒಮ್ಮೆ ಹೇಳಿ, ಆಮೇಲೆ ಆಂಪಿಯರ್ ಎಂದೇ ಬರೆಯಿರಿ. ವ್ಯಾಟನ್ನೂ ಯೂನಿಟನ್ನೂ ಎರಡನ್ನೂ ಶಕ್ತಿ ಎಂದಿದ್ದೀರಿ. ವ್ಯಾಟ್ ಸಾಮರ್ಥ್ಯದ್ದು, ಅಂದರೆ ಶಕ್ತಿ ಎಷ್ಟು ಬೇಗ ಖರ್ಚಾಗುತ್ತದೆ ಎಂಬುದರದ್ದು; ಯೂನಿಟ್ ಒಟ್ಟು ಖರ್ಚಾದ ಶಕ್ತಿಯದ್ದು. 1000 ವ್ಯಾಟ್ ಒಂದು ಗಂಟೆ ಉರಿದರೆ ಒಂದು ಯೂನಿಟ್, ಬಿಲ್ಲಿಗೆ ಬರುವುದು ಅದು.

ದೊಡ್ಡ ತಪ್ಪು ಕೊನೆಯ ಪುಟದಲ್ಲಿದೆ. ಪಂಪಿನ ಮೋಟಾರ್ 230 ವೋಲ್ಟಿಗೆ 7 ಆಂಪಿಯರ್ ಎಳೆಯುತ್ತದೆ, ಆದ್ದರಿಂದ ವೈಂಡಿಂಗಿನ (ಒಳಗೆ ಸುತ್ತಿದ ತಂತಿಯ) ರೋಧ 33 ಓಮ್, ಸಾಮರ್ಥ್ಯ 1610 ವ್ಯಾಟ್ ಎಂದಿದ್ದೀರಿ. ಎರಡೂ ಸರಿಯಲ್ಲ. ಪ್ಲಗ್ ತೆಗೆದು ವೈಂಡಿಂಗಿಗೆ ಮಲ್ಟಿಮೀಟರ್ ಇಟ್ಟರೆ 33ಕ್ಕಿಂತ ಎಷ್ಟೋ ಕಡಿಮೆ ತೋರಿಸುತ್ತದೆ. ಓಡುವ ಮೋಟಾರಿನಲ್ಲಿ ತಂತಿ ಒಂದೇ ಅಲ್ಲ, ಅದರ ಸುತ್ತ ಏಳುವ ಕಾಂತಕ್ಷೇತ್ರವೂ ತಡೆಯುತ್ತದೆ. ಅಲ್ಲಿ ಪವರ್ ಫ್ಯಾಕ್ಟರ್, ಅಂದರೆ ವೋಲ್ಟ್ ಮತ್ತು ಆಂಪಿಯರ್ ಗುಣಿಸಿ ಬಂದದ್ದರಲ್ಲಿ ನಿಜವಾಗಿ ಖರ್ಚಾಗುವ ಪಾಲು, ಸೇರಿಸದೆ ವ್ಯಾಟ್ ಸಿಗುವುದಿಲ್ಲ. ಈ ಭಾಗವನ್ನು ಸುಮ್ನೆ ಬಿಟ್ಟುಬಿಡಿ, ಕಾಯಿಲ್ ಒಂದೇ ಸಾಕು. ಮೋಟಾರಿಗೆ ಬೇರೆ ಲೇಖನವೇ ಬೇಕು.

ಇನ್ನೊಂದು. ನಿಮ್ಮ ಬರಹದಲ್ಲಿ ಅವ್ವ ನೀರು ಕಾದಿದೆಯಾ ಅಂತ ಬಕೆಟ್ಟಿಗೆ ಬೆರಳು ಅದ್ದುತ್ತಾರೆ, ಕಾಯಿಲ್ ಇನ್ನೂ ಉರಿಯುತ್ತಿದೆ. ಅದನ್ನು ಓದುವಾಗ ನನ್ನ ಎದೆ ಧಸಕ್ಕೆಂದಿತು. ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು, ಆಮೇಲೆ ಬೆರಳು ಅದ್ದಲಿ. ಬರಹದಲ್ಲಿ ತಿದ್ದಿ ಕಳಿಸಿ, ಮನೆಯಲ್ಲಿ ಇವತ್ತೇ ಹೇಳಿ.