ಇಂಗಾಲದ ಡೈಆಕ್ಸೈಡ್ ಬಿಸಿಲಲ್ಲಿ ಹೆಚ್ಚು ಕಾಯುತ್ತದೆಂದು ಮೊದಲು ತೋರಿಸಿದ್ದು ಯೂನಿಸ್ ಫೂಟ್ ಅವರೇ?

ಹೌದು. ಅಮೆರಿಕದ ಯೂನಿಸ್ ಫೂಟ್ ಸುಮಾರು 4 ಇಂಚು ವ್ಯಾಸ, 30 ಇಂಚು ಉದ್ದದ ಎರಡು ಗಾಜಿನ ಕೊಳವೆಗಳಲ್ಲಿ ತಲಾ ಎರಡು ಥರ್ಮಾಮೀಟರ್ ಇಟ್ಟು, ಬೇರೆ ಬೇರೆ ಅನಿಲ ತುಂಬಿ ಬಿಸಿಲಿಗೊಡ್ಡಿದರು. ಮಾಮೂಲಿ ಗಾಳಿ 106 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಇಂಗಾಲದ ಡೈಆಕ್ಸೈಡ್ 125ಕ್ಕೇರಿತು. ಬಿಸಿಲಿನಿಂದ ತೆಗೆದ ಮೇಲೆ ತಣಿಯಲೂ ಹಲವು ಪಟ್ಟು ಹೊತ್ತು ಹಿಡಿಯಿತು. ವಾತಾವರಣದಲ್ಲಿ ಈ ಅನಿಲ ಹೆಚ್ಚಿದ್ದರೆ ಭೂಮಿಯ ತಾಪಮಾನವೂ ಹೆಚ್ಚಿರುತ್ತಿತ್ತು ಎಂಬ ಅವರ ತೀರ್ಮಾನವೇ ನಿಜವಾದ ಸಾಧನೆ. 1856ರ ವಿಜ್ಞಾನ ಸಭೆಯಲ್ಲಿ ಅವರ ಪ್ರಬಂಧ ಓದಿದ್ದು ಮಾತ್ರ ಭೌತವಿಜ್ಞಾನಿ ಜೋಸೆಫ್ ಹೆನ್ರಿ.

ಪ್ರಯೋಗಕ್ಕೊಂದು ಮಿತಿಯಿತ್ತು. ನೆಲ ಹೊರಸೂಸುವಂಥ ದೀರ್ಘತರಂಗದ ಅವಕೆಂಪು (ಇನ್‌ಫ್ರಾರೆಡ್) ಶಾಖಕಿರಣಗಳನ್ನು ಗಾಜು ತಡೆಯುತ್ತದೆ. ಹಾಗಾಗಿ ಅನಿಲ ಅವನ್ನು ಹೀರುತ್ತದೆಯೇ ಎಂಬುದು ಇದರಿಂದ ತಿಳಿಯದು. ಅದನ್ನು 1859ರಲ್ಲಿ ಪ್ರತ್ಯೇಕವಾಗಿ ಅಳೆದವರು ಭೌತವಿಜ್ಞಾನಿ ಜಾನ್ ಟಿಂಡಾಲ್. ಶ್ರೇಯ ಪೂರ್ತಿ ಅವರೊಬ್ಬರಿಗೇ ಹೋದದ್ದು ಅನ್ಯಾಯ.