ಟೇಪ್ ರೆಕಾರ್ಡರ್ ಅಲ್ಲ, ಸ್ವಾಮಿ!

ನೆದರ್‌ಲ್ಯಾಂಡ್ಸ್‌ನ ಉಟ್ರೆಕ್ಟ್‌ನಲ್ಲಿ ನಾವು ಐದು ಜನ ಸೇರಿ ಹದಿನಾರನೇ ಶತಮಾನದ ಯುರೋಪಿನ ಸಂಗೀತವನ್ನು ರೆಕಾರ್ಡರ್‌ನಲ್ಲಿ ನುಡಿಸುತ್ತೇವೆ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೆ. ಅದನ್ನು ಓದಿ ನೀವು ಕಳಿಸಿದ ಪ್ರಶ್ನೆಗಳಲ್ಲಿ ನಾಲ್ಕಕ್ಕೆ ಇಲ್ಲಿ ಉತ್ತರವಿದೆ.

ರೆಕಾರ್ಡರ್ ಅಂದ್ರೆ ಟೇಪ್ ರೆಕಾರ್ಡರಾ ಮೇಡಂ? ಅದನ್ನು ನುಡಿಸೋದು ಹೇಗೆ?
– ಓದುಗರೊಬ್ಬರು, ದಾವಣಗೆರೆ

ನಮ್ಮಣ್ಣನೂ ಇದನ್ನೇ ಕೇಳಿದ್ದ! ಇದು ಮರದ ಕೊಳಲು. ನೇರವಾಗಿ ಹಿಡಿದು, ತುದಿಯನ್ನು ಬಾಯಲ್ಲಿಟ್ಟು ಊದುವುದು. ಮುಂದೆ ಏಳು ತೂತು, ಹಿಂದೆ ಹೆಬ್ಬೆರಳಿಗೆ ಒಂದು. ಹಳೆಯ ಇಂಗ್ಲಿಷಿನಲ್ಲಿ ಆ ಪದಕ್ಕೆ ನೆನಪಿಟ್ಟುಕೊಳ್ಳು, ಅಭ್ಯಾಸ ಮಾಡು ಅನ್ನುವ ಅರ್ಥ ಇತ್ತು. ಯಂತ್ರ ಬಂದದ್ದು ಎಷ್ಟೋ ಕಾಲದ ಮೇಲೆ. ಹೆಸರು ಕದ್ದದ್ದು ಅದು, ನಾವಲ್ಲ.

ಮಗಳ ಸ್ಕೂಲಿನಲ್ಲಿ ಪ್ಲಾಸ್ಟಿಕ್ ರೆಕಾರ್ಡರ್ ಕೊಟ್ಟಿದ್ದಾರೆ. ಅವಳು ಊದಿದರೆ ಪಕ್ಕದ ಮನೆಯವರು ಕಿಟಕಿ ಮುಚ್ಚುತ್ತಾರೆ. ಅಂಥವು ಐದು ಸೇರಿದರೆ ಕಚೇರಿ ಹೇಗಾಗುತ್ತದೆ?
– ಒಬ್ಬ ತಾಯಿ, ಬೆಂಗಳೂರು

ಪಾಪ, ಮಗುವಿನ ತಪ್ಪಲ್ಲ. ಅವಳ ಕೈಯಲ್ಲಿರುವುದು ಸೊಪ್ರಾನೊ ಅನ್ನುವ ಏರುದನಿಯ ಚಿಕ್ಕದು, ಹೆಚ್ಚು ಕಡಿಮೆ ಒಂದು ಅಡಿ ಉದ್ದ. ನಾನು ನುಡಿಸುವ ಬಾಸ್, ಅಂದರೆ ತಗ್ಗುದನಿಯದು, ಸುಮಾರು ಒಂದು ಮೀಟರ್ ಇದೆ. ದನಿ ಹಸು ದೂರದಲ್ಲಿ ಕೂಗಿದ ಹಾಗೆ.

ಚಿಕ್ಕಂದಿನಲ್ಲಿ ಮೈಸೂರಿನಲ್ಲಿ ಆರು ವರ್ಷ ಕೊಳಲು ಕಲಿತವಳು ನಾನು. ನಮ್ಮ ಕೊಳಲಿನಲ್ಲಿ ತುಟಿ ಸ್ವಲ್ಪ ತಿರುಗಿಸಿದರೆ ಶ್ರುತಿ ಸರಿಹೋಗುತ್ತದೆ. ಇದರಲ್ಲಿ ತುಟಿಗೆ ಕೆಲಸವೇ ಇಲ್ಲ. ಬಾಯಿಯ ಕಡೆ ಒಂದು ಮರದ ತುಂಡು ಕೂರಿಸಿರುತ್ತಾರೆ, ಗಾಳಿ ಹೋಗುವ ದಾರಿ ಮೊದಲೇ ಗೊತ್ತು ಮಾಡಿಟ್ಟದ್ದು. ಜೋರಾಗಿ ಊದಿದರೆ ಶ್ರುತಿ ಏರಿಬಿಡುತ್ತದೆ, ಮೆಲ್ಲಗೆ ಊದಿದರೆ ಇಳಿಯುತ್ತದೆ. ಮಕ್ಕಳು ಊದುವುದೇ ಜೋರಾಗಿ, ಅಲ್ವಾ?

ಒಂಟಿಯಾಗಿ ಕೇಳಿದರೆ ಸ್ವಲ್ಪ ಬಡವಾಗಿ ಕಾಣುವ ವಾದ್ಯ ಇದು, ಒಪ್ಪುತ್ತೇನೆ. ಆದರೆ ಸಣ್ಣದು, ದೊಡ್ಡದು ಒಟ್ಟಿಗೆ ಉಸಿರು ಬಿಟ್ಟರೆ ಚರ್ಚಿನ ಆರ್ಗನ್ನೇ ಕೋಣೆಗೆ ಬಂದ ಹಾಗಿರುತ್ತದೆ. ಆಗಿನ ಕಾಲದಲ್ಲಿ ಇವನ್ನು ಹೀಗೆ ಸೆಟ್ ಆಗಿಯೇ ಮಾಡಿಸುತ್ತಿದ್ದರು. ಇಂಗ್ಲೆಂಡಿನ ರಾಜ ಎಂಟನೇ ಹೆನ್ರಿ ಸತ್ತ ಮೇಲೆ 1547ರಲ್ಲಿ ಅವನ ಸಾಮಾನಿನ ಪಟ್ಟಿ ಮಾಡಿದರೆ ರೆಕಾರ್ಡರ್‌ಗಳೇ 76 ಇದ್ದವು!

ನಮ್ಮ ಹಾಗೆ ಅವರಲ್ಲೂ ರಾಗ, ಮನೋಧರ್ಮ ಇದೆಯೇ?
– ಸಂಗೀತ ಶಿಕ್ಷಕರು, ಶಿವಮೊಗ್ಗ

ನಾವು ಹೇಳುವ ಅರ್ಥದಲ್ಲಿ ರಾಗ ಇಲ್ಲ ಸಾರ್. ಐದು ಜನಕ್ಕೆ ಐದು ಬೇರೆ ಬೇರೆ ಸ್ವರದ ಸಾಲು. ಯಾರೂ ಪಕ್ಕವಾದ್ಯ ಅಲ್ಲ. ಆದರೆ ಮನೋಧರ್ಮ, ಅಂದರೆ ಆಗಲೇ ಹೊಳೆದದ್ದನ್ನು ನುಡಿಸುವುದು, ಇತ್ತು. ವೆನಿಸ್ಸಿನ ವಾದಕ ಸಿಲ್ವೆಸ್ಟ್ರೊ ಗನಾಸ್ಸಿ 1535ರಲ್ಲಿ ಒಂದು ಪುಸ್ತಕ ಅಚ್ಚು ಹಾಕಿಸಿದ. ಸಪ್ಪೆ ಸಾಲೊಂದಕ್ಕೆ ಬಿರುಸಾದ ಸ್ವರಗಳನ್ನು ಹೇಗೆ ತುಂಬಬೇಕು ಅನ್ನುವುದೇ ಅದರ ಪಾಠ. ನನಗೆ ನಮ್ಮ ಕೀರ್ತನೆಗಳಲ್ಲಿ ಒಂದೇ ಸಾಲನ್ನು ಬಗೆಬಗೆಯಾಗಿ ಹಾಡುವ ಸಂಗತಿಗಳೇ ನೆನಪಾದವು. ವಾದ್ಯ ಮನುಷ್ಯನ ದನಿಯನ್ನು ನೋಡಿ ಕಲಿಯಬೇಕು ಅಂತಲೂ ಹೇಳುತ್ತಾನೆ. ನಮ್ಮ ಮೇಷ್ಟ್ರು "ಮೊದಲು ಹಾಡು, ಆಮೇಲೆ ಊದು" ಅಂತ ಗದರುತ್ತಿದ್ದರು. ಲೆಕ್ಕ ಹಾಕಿ, ಗನಾಸ್ಸಿಯ ಕಾಲ ನಮ್ಮಲ್ಲಿ ಪುರಂದರದಾಸರು ಬದುಕಿದ್ದ ಕಾಲ.

ನಾನೂರು ವರ್ಷ ಹಳೆಯ ಸಂಗೀತವನ್ನು ಈಗ ಯಾರು ಕೇಳುತ್ತಾರೆ? ನಿಜ ಹೇಳಿ.
– ಓದುಗರು, ಧಾರವಾಡ

ನಿಜ ಹೇಳುತ್ತೇನೆ. ಶುರುವಿನಲ್ಲಿ ಯಾರೂ ಕೇಳಲಿಲ್ಲ. ತಪ್ಪು ನಮ್ಮದೇ. ಕಪ್ಪು ಬಟ್ಟೆ ತೊಟ್ಟು ಗಂಭೀರವಾಗಿ ಕೂತು, ಪ್ರತಿ ತುಣುಕಿಗೂ ಹತ್ತು ನಿಮಿಷ ಭಾಷಣ ಮಾಡುತ್ತಿದ್ದೆವು. ಒಬ್ಬ ಅಜ್ಜ ನಿದ್ದೆ ಹೋದ. ಅದಕ್ಕೆ ಬೇಜಾರಾಗಲಿಲ್ಲ. ಇನ್ನೊಬ್ಬಾಕೆ ಕೈ ಕುಲುಕಿ "ತುಂಬಾ ವಿಷಯ ತಿಳಿಯಿತು" ಅಂದರು ನೋಡಿ, ಅದು ಚುಚ್ಚಿತು.

ಈ ಸಂಗೀತ ಟಿಕೆಟ್ ತೆಗೆದುಕೊಂಡು ಸುಮ್ನೆ ಕೂತು ಕೇಳಲಿ ಅಂತ ಹುಟ್ಟಿದ್ದೇ ಅಲ್ಲ. ಕುಣಿಯುವುದಕ್ಕೆ, ಊಟದ ಹೊತ್ತಿಗೆ, ಮನೆಯವರೇ ಕೂಡಿ ನುಡಿಸಿ ಖುಷಿಪಡುವುದಕ್ಕೆ ಇದ್ದದ್ದು. ಆಂಟನಿ ಹೋಲ್ಬೋರ್ನ್ 1599ರಲ್ಲಿ ಲಂಡನ್ನಿನಲ್ಲಿ ಐದು ವಾದ್ಯಗಳಿಗೆ 65 ತುಣುಕು ಅಚ್ಚು ಹಾಕಿಸಿದ. ತಂತಿಯಲ್ಲಾದರೂ ನುಡಿಸಿ, ಊದುವುದರಲ್ಲಾದರೂ ನುಡಿಸಿ ಅಂತ ಬಿಟ್ಟುಬಿಟ್ಟ. ಈಗ ನಾವು ಅರ್ಧ ಸುತ್ತಾಗಿ, ಜನರ ಮೊಣಕಾಲಿಗೆ ತಗಲುವಷ್ಟು ಹತ್ತಿರ ಕೂರುತ್ತೇವೆ. ಪವಾನ್ ಎಂಬ ನಿಧಾನದ ಕುಣಿತದ ತುಣುಕು ಆದ ತಕ್ಷಣ ಗ್ಯಾಲಿಯಾರ್ಡ್ ಎಂಬ ಮೂರೆಣಿಕೆಯ ಕುಣಿತದ್ದು. ಮಾತು ಎರಡೇ ನಿಮಿಷ. ಇದೇ ದೇಶದ ಆಮ್‌ಸ್ಟರ್‌ಡ್ಯಾಮಿನ ಲೂಕಿ ಸ್ಟಾರ್‌ಡಸ್ಟ್ ತಂಡ 1981ರಲ್ಲಿ ಬೆಲ್ಜಿಯಂನ ಬ್ರೂಜ್ ನಗರದ ಸ್ಪರ್ಧೆಯಲ್ಲಿ ಅಮೆರಿಕದ ಪಾಪ್ ಗಾಯಕ ಸ್ಟೀವಿ ವಂಡರ್ ಹಾಡನ್ನೇ ರೆಕಾರ್ಡರ್‌ನಲ್ಲಿ ನುಡಿಸಿತ್ತು. ನಮಗೆ ಅಷ್ಟು ಕೈ ಓಡುವುದಿಲ್ಲ.

ಒಂದು ಚಳಿಗಾಲ, ಹಳೆಯ ಚರ್ಚು. ನನ್ನ ಬಾಸ್ ಬೆಚ್ಚಗಾಗಿರಲಿಲ್ಲ. ಉಸಿರಿನ ತೇವ ಗಾಳಿಯ ಸಂದಿಯಲ್ಲಿ ಕಟ್ಟಿಕೊಂಡು ಮಧ್ಯದಲ್ಲೇ ದನಿ ನಿಂತುಹೋಯಿತು. ಉಳಿದ ನಾಲ್ವರು ನುಡಿಸುತ್ತಲೇ ಇದ್ದರು. ನೀರು ಊದಿ ತೆಗೆದು ಮತ್ತೆ ಸೇರಿಕೊಂಡಾಗ ಮುಂದೆ ಕೂತಿದ್ದ ಕೇಳುಗರೆಲ್ಲ ನನ್ನ ಕಡೆ ತಿರುಗಿದರು. ಕೆಳಗಿನ ಸ್ವರದ ಸಾಲು ಏನು ಮಾಡುತ್ತದೆ ಅಂತ ಅವರಿಗೆ ಗೊತ್ತಾಗಿದ್ದೇ ಅದು ಇಲ್ಲವಾದಾಗ! ಆವತ್ತಿನಿಂದ ಒಂದು ತುಣುಕನ್ನಾದರೂ ಬೇಕಂತಲೇ ಒಂದೊಂದೇ ಸಾಲು ಸೇರಿಸುತ್ತಾ ನುಡಿಸುತ್ತೇವೆ.

ನಮ್ಮ ಉಟ್ರೆಕ್ಟ್ ಊರಿನ ಯಾಕೋಬ್ ಫಾನ್ ಐಕ್ ಎಂಬ ಕುರುಡ ಗಂಟೆ ವಾದಕನಿಗೆ 1649ರಲ್ಲಿ ಸಂಬಳ 20 ಗಿಲ್ಡರ್ ಜಾಸ್ತಿ ಮಾಡಿದರು. ಷರತ್ತು ಇಷ್ಟೇ: ಸಂಜೆ ಹೊತ್ತು ಯಾನ್ಸ್‌ಕೆರ್ಕ್‌ಹೋಫ್ ಎಂಬ ಚರ್ಚಿನ ಅಂಗಳದಲ್ಲಿ ಅಡ್ಡಾಡುವವರಿಗೆ ಆಗಾಗ ತನ್ನ ಪುಟ್ಟ ರೆಕಾರ್ಡರ್ ನುಡಿಸಬೇಕು. ಈಗ ಶನಿವಾರ ಅಲ್ಲಿ ಹೂವಿನ ಸಂತೆ. ನಾವೂ ಹೋಗಿ ಒಂದು ಮೂಲೆಯಲ್ಲಿ ನಿಲ್ಲುತ್ತೇವೆ. ಮೊನ್ನೆ ಒಬ್ಬರು ಟ್ಯುಲಿಪ್ ಕಟ್ಟನ್ನು ನನ್ನ ವಾದ್ಯದ ಪೆಟ್ಟಿಗೆ ಮೇಲೆ ಇಟ್ಟು, ಕೈ ಖಾಲಿ ಮಾಡಿಕೊಂಡು, ಎರಡು ಗ್ಯಾಲಿಯಾರ್ಡ್ ಪೂರ್ತಿ ಕೇಳಿದರು. ಹೋಗುವಾಗ ಹೂ ಮರೆತುಬಿಟ್ಟರು.